ಜಾಮೀನು ಕೊಟ್ಟು ಮರೆತೆ

ಬಸವಕಲ್ಯಾಣ ತಾಲ್ಲೂಕಿನ ನಮ್ಮ ಮಂಠಾಳದ ಕಡೆ ಸರ್ಕಾರಿ ಸಂಬಳ ಬರುವವನ ಹತ್ತಿರ ದುಡ್ಡು ಕೇಳುವವರಿಗಿಂತ ಸಹಿ ಕೇಳುವವರೇ ಹೆಚ್ಚು. ದುಡ್ಡಾದರೆ ‘ಈ ತಿಂಗಳು ಕೈ ಬಿಗಿ ಅದ’ ಅಂತ ತಪ್ಪಿಸಿಕೊಳ್ಳಬಹುದು. ಸಹಿಗೆ ಏನು ನೆಪ ಹೇಳುವುದು? ಪೆನ್ನು ಜೇಬಿನಲ್ಲೇ ಇರುತ್ತದೆ. ಮಾಸ್ತರನ ಜೇಬಿನಲ್ಲಂತೂ ಎರಡಿರುತ್ತವೆ, ಒಂದು ಕೆಂಪು.

ನನ್ನ ಹತ್ತಿರ ಬಂದವನು ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯ. ಬಸವಕಲ್ಯಾಣ ಲಾರಿಗಳ ಊರು. ಅಲ್ಲಿಯ ಆಟೋನಗರದಲ್ಲಿ ಒಂದು ಸುತ್ತು ಹಾಕಿದರೆ ಸ್ವಂತದ್ದೊಂದು ಗಾಡಿ ಬೇಕು ಅನ್ನಿಸದ ಡ್ರೈವರ್ ಸಿಗುವುದಿಲ್ಲ. ವರ್ಷಗಟ್ಟಲೆ ಬೇರೆಯವರ ಲಾರಿ ಓಡಿಸಿದ್ದ ಇವನೂ ಒಂದು ಸೆಕೆಂಡ್‌ಹ್ಯಾಂಡ್ ಗಾಡಿ ನೋಡಿಟ್ಟಿದ್ದ. ಫೈನಾನ್ಸ್‌ನವರು ಇಬ್ಬರು ಜಾಮೀನುದಾರರನ್ನು ಕೇಳಿದ್ದರು, ಒಬ್ಬ ಸಂಬಳದವನೇ ಆಗಬೇಕು ಅಂದಿದ್ದರು. “ಏ ಮಾಸ್ತರ್, ನೀ ಒಂದು ಸೈ ಹಾಕು ಸಾಕು. ಕಿಸ್ತು ಕಟ್ಟಾಂವ ನಾ. ನಿನ್ನ ತನಕ ಬರಂಗೇ ಇಲ್ಲ” ಅಂದ. ಅವನು ಸುಳ್ಳು ಹೇಳಲಿಲ್ಲ. ಆ ದಿನ ಅವನು ಅದನ್ನು ಮನಸಾರೆ ನಂಬಿದ್ದ.

ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಸಣ್ಣಕ್ಷರದ ಇಂಗ್ಲಿಷ್ ಪುಟಗಳು. ಪ್ರಶ್ನೆಪತ್ರಿಕೆ ಪೂರ್ತಿ ಓದಿಯೇ ಉತ್ತರ ಬರೆಯಬೇಕು ಎಂದು ಮಕ್ಕಳಿಗೆ ಗದರುವವನು ಒಂದು ಪುಟವನ್ನೂ ಓದಲಿಲ್ಲ, ಪ್ರತಿಯನ್ನೂ ಕೇಳಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಆಮೇಲೆ ಮರೆತೂಬಿಟ್ಟೆ. ನಾನು ಎಡವಿದ್ದು ಇಲ್ಲಿ. ನಂಬಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಪಾಲಿನ ಕೆಲಸ ಸಹಿಯೊಂದಿಗೆ ಮುಗಿಯಿತು ಅಂದುಕೊಂಡೆನಲ್ಲ!

ಮೊದಮೊದಲು ಲಾರಿ ಚೆನ್ನಾಗಿಯೇ ಓಡಿತು. ಹಂಗಾಮಿನಲ್ಲಿ ಕಬ್ಬು, ಉಳಿದಾಗ ಹುಮನಾಬಾದ್ ಮೇಲೆ ಹಾದುಹೋಗುವ ಹೈದರಾಬಾದ್–ಪುಣೆ ಹೆದ್ದಾರಿಯ ಬಾಡಿಗೆ. 2020ರ ಲಾಕ್‌ಡೌನ್‌ನಲ್ಲಿ ಗಾಡಿ ಮನೆ ಮುಂದೆ ನಿಂತಿತು. ಆ ವರ್ಷ ಮಾರ್ಚ್ 1ರಿಂದ ಆಗಸ್ಟ್ 31ರ ತನಕದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಮುಂದೆ ಹೋದದ್ದು ಕಂತು ಮಾತ್ರ, ಬಡ್ಡಿ ಬೆಳೆಯುತ್ತಲೇ ಇತ್ತು. ಅದು ಅವನಿಗೆ ತಿಳಿಯುವಷ್ಟರಲ್ಲಿ ಟೈರು ಸವೆದಿದ್ದವು, ಇನ್ಶೂರೆನ್ಸ್ ಮುಗಿದಿತ್ತು. ಈ ನಡುವೆ ನಾವಿಬ್ಬರೂ ಎಷ್ಟೋ ಸಲ ಕೂತು ಚಹಾ ಕುಡಿದೆವು. ‘ಕಿಸ್ತು ಹೆಂಗ ನಡದದ?’ ಎಂದು ನಾನು ಕೇಳಲಿಲ್ಲ. ಕೇಳಿದರೆ ಗೆಳೆತನಕ್ಕೆ ಅವಮಾನ ಅನ್ನಿಸಿತ್ತು. ಅವನೂ ಬಾಯಿ ಬಿಡಲಿಲ್ಲ. ಅವನಿಗೂ ನಾಚಿಕೆ.

ನೋಟಿಸ್ ಬಂದದ್ದು 2021ರಲ್ಲಿ, ನನ್ನ ಹೆಸರಿಗೇ. ಅಷ್ಟರಲ್ಲಿ ಲಾರಿ ಎಳೆದೊಯ್ದು ಹರಾಜು ಹಾಕಿಯೂ ಆಗಿತ್ತು. ಬಂದ ದುಡ್ಡು ಅಸಲಿಗೂ ಸಾಲದೆ, ಉಳಿದದ್ದು ನನ್ನ ಮೇಲೆ ಬಂತು. ಇನ್ನೂ ಓಡುವ ಸ್ಥಿತಿಯಲ್ಲಿದ್ದಾಗಲೇ ನಾವಿಬ್ಬರೂ ಸೇರಿ ಅದನ್ನು ಮಾರಿದ್ದರೆ ಇಷ್ಟೊಂದು ಉಳಿಯುತ್ತಿರಲಿಲ್ಲ.

‘ಮೊದಲು ಸಾಲ ತಗೊಂಡಾಂವನ್ನ ಹಿಡೀರಿ, ಆಮೇಲೆ ನನ್ನ ಹತ್ತಿರ ಬರ್ರಿ’ ಎಂದು ವಾದಿಸಬಹುದು ಅಂದುಕೊಂಡು ವಕೀಲರ ಬಳಿ ಹೋದೆ. ಅವರು 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ತೆಗೆದು ತೋರಿಸಿದರು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಸಾಲಗಾರನನ್ನು ಪೂರ್ತಿ ಜಾಲಾಡಿದ ಮೇಲೆಯೇ ಜಾಮೀನುದಾರನ ಬಳಿ ಬರಬೇಕೆಂಬ ನಿಯಮವಿಲ್ಲ ಎಂದು ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ನಾನು ಓದದೆ ಸಹಿ ಹಾಕಿದ ಕಾಗದಗಳಲ್ಲಿ ಸಂಬಳದಿಂದ ಕಡಿತಕ್ಕೆ ಒಪ್ಪಿಗೆ ಪತ್ರವೂ ಇತ್ತು. ಕಾಯ್ದೆ ಜಾಮೀನುದಾರನಿಗೆ ಕೊಡುವ ಕೆಲವು ರಕ್ಷಣೆಗಳನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲೂ ಇತ್ತು.

ಆಫೀಸಿಗೆ ಪತ್ರ ಹೋಗಿ ಸ್ಟಾಫ್ ರೂಮಿನಲ್ಲಿ ಸುದ್ದಿಯಾಗುವ ಮೊದಲೇ ತೀರಿಸಿಬಿಡಬೇಕು ಎನ್ನುವ ಹೆದರಿಕೆ ಹಿಡಿಯಿತು. ಜಿಪಿಎಫ್‌ನಿಂದ ತೆಗೆದೆ, ಅದು ಸಾಲದ್ದಕ್ಕೆ ಹೆಂಡತಿಯ ಬಂಗಾರ ಕೇಳಿದೆ. ಆಗಲೇ ಅವಳಿಗೆ ವಿಷಯ ಗೊತ್ತಾದದ್ದು. “ಹೇಳದೇ ಸೈ ಮಾಡಿದ್ರಿ, ಹೇಳದೇ ಪಿಎಫ್ ತೆಗದ್ರಿ. ಬಂಗಾರ ಬೇಕಾದಾಗ ನಾ ನೆನಪಾದ್ನೇನು?” ಅಂದಳು. ಬಂಗಾರ ಕೊಟ್ಟಳು. ಆ ಮಾತಿಗೆ ಮಾತ್ರ ನನ್ನಲ್ಲಿ ಈಗಲೂ ಉತ್ತರವಿಲ್ಲ. ಬಸವಣ್ಣನವರು ಬಿಜ್ಜಳನಿಗೆ ಭಂಡಾರದ ಲೆಕ್ಕವನ್ನು ಕಾಸೂ ತಪ್ಪದಂತೆ ಒಪ್ಪಿಸಿದ ಕಥೆಯನ್ನು ಪ್ರತಿ ಬಸವ ಜಯಂತಿಗೆ ನಾನು ಮಕ್ಕಳಿಗೆ ಹೇಳುತ್ತೇನೆ, ನನ್ನ ಲೆಕ್ಕವನ್ನು ಮಾತ್ರ ಮನೆಯವಳಿಗೆ ಒಪ್ಪಿಸಿರಲಿಲ್ಲ.

ಎರಡನೇ ಜಾಮೀನುದಾರ ಗೆಳೆಯನ ಊರಿನ ಒಬ್ಬ ರೈತ. ಸಹ ಜಾಮೀನುದಾರರು ಹೊರೆಯನ್ನು ಸಮನಾಗಿ ಹಂಚಿಕೊಳ್ಳಬೇಕು ಎಂದು ಅದೇ ಕಾಯ್ದೆಯ 146ನೇ ಕಲಂ ಹೇಳುತ್ತದೆ. ಅವನದು ತೊಗರಿ, ಸೋಯಾ ಬೆಳೆಯುವ ಒಣಭೂಮಿ, ಮಳೆ ಬಂದರೆ ಬೆಳೆ. ಅವನ ಬಾಗಿಲಿಗೆ ಹೋಗಲು ಮನಸ್ಸಾಗಲಿಲ್ಲ. ಇದನ್ನು ದೊಡ್ಡತನ ಅಂದುಕೊಳ್ಳಬೇಡಿ, ಹೋಗಿದ್ದರೂ ಸಿಗುತ್ತಿರಲಿಲ್ಲ.

ಇಷ್ಟಾದ ಮೇಲೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಜಾಮೀನುದಾರನಿಗಿದೆ, ಆದರೆ ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಗೆಳೆಯ ‘ಸೋಯಾ ಮಾರಿ ಕೊಡ್ತೀನಿ’ ಅಂದ, ಮರುವರ್ಷ ‘ಮಗಳ ಮದುವಿ ಮುಗೀಲಿ’ ಅಂದ. ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಬಹುದಿತ್ತು. ಕೊನೆಗೆ ಅವಧಿ ಮುಗಿಯಿತು. ಆಗೀಗ ಸ್ವಲ್ಪ ಸ್ವಲ್ಪ ಕೊಟ್ಟಿದ್ದಾನೆ, ಪೂರ್ತಿ ಕೊಡುವಷ್ಟು ಅವನ ಬಳಿ ಇಲ್ಲ. ಈಗ ಮತ್ತೆ ಬೇರೆಯವರ ಲಾರಿ ಓಡಿಸುತ್ತಾನೆ. ಮನೆ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ನನ್ನ ಸಿಬಿಲ್ ವರದಿಯಲ್ಲಿ ಅವನ ಲಾರಿಯೇ ನಿಂತಿತ್ತು. ಜಾಮೀನು ನಿಂತ ಸಾಲವೂ ಅಲ್ಲಿ ದಾಖಲಾಗುತ್ತದೆ ಎಂದು ಆಗ ತಿಳಿಯಿತು.

ಈಗಲೂ ಸಹಿ ಕೇಳಿಕೊಂಡು ಬರುವವರಿದ್ದಾರೆ. ಆಪ್ತರಾದರೆ ಕೈಲಾದಷ್ಟು ದುಡ್ಡನ್ನೇ ಕೊಡುತ್ತೇನೆ. ಹಾಕಲೇಬೇಕಾದ ಸಹಿ ಬಂದರೆ ಇಂತಿಷ್ಟು ಮೊತ್ತಕ್ಕೆ ಮಾತ್ರ ಎಂದು ಕರಾರಿನಲ್ಲೇ ಬರೆಸುತ್ತೇನೆ, ಅದರ ಪ್ರತಿ ಮನೆಯವಳ ಕೈಯಲ್ಲಿರುತ್ತದೆ. ಕಿಸ್ತು ಕಟ್ಟಿದ ರಸೀದಿಯ ಫೋಟೋ ತಿಂಗಳಾ ತಿಂಗಳಾ ಮೊಬೈಲಿಗೆ ಕಳಿಸು ಅನ್ನುತ್ತೇನೆ. ಕೆಲವರು ಮುನಿಸಿಕೊಂಡು ಎದ್ದು ಹೋಗಿದ್ದಾರೆ, ಹೋಗಲಿ.

ಸಾಲ ತೆಗೆದವರಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ಕಾಗದದ ಮೇಲೆ ಇನ್ನೊಬ್ಬರ ಸಹಿ ಇದ್ದರೆ, ಕಿಸ್ತು ತಪ್ಪುವ ತಿಂಗಳೇ, ನೋಟಿಸ್ ಹೋಗುವ ಮೊದಲೇ, ನೀವೇ ಅವರಿಗೊಂದು ಫೋನ್ ಮಾಡಿ ಹೇಳಿ.