ಪಾಯದ ಮಣ್ಣು

ದೊಡ್ಡಬಳ್ಳಾಪುರ

ಪ್ರೀತಿಯ ಪುಟ್ಟಿ,

ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಬಗ್ಗೆ ನೀನು ಬರೆದದ್ದನ್ನು ಚಿಕ್ಕಪ್ಪನಿಗೂ ಓದಿ ಹೇಳಿದೆ. ರಟ್ಟಿನ ಕೊಳವೆಗಳಿಂದ ಮನೆ ನಿಲ್ಲುತ್ತದೆ ಅಂದರೆ ಅವರು ನಂಬಲೇ ಇಲ್ಲ. 1995ರಲ್ಲಿ ಕೋಬೆ, 2001ರಲ್ಲಿ ನಮ್ಮ ಭುಜ್; ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಬಾನ್ ಸೂರು ಮಾಡಿಕೊಟ್ಟರು. 2014ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಬಂತು. ನನಗೆ ತುಂಬ ಹಿಡಿಸಿದ್ದು ಭುಜ್‌ನ ಕೆಲಸ. ಬಿದ್ದ ಕಟ್ಟಡಗಳ ಚೂರುಗಳನ್ನೇ ಪಾಯಕ್ಕೆ ಹಾಕಿ, ಮೇಲೆ ಅಲ್ಲಿಯವರ ರೂಢಿಯಂತೆ ಮಣ್ಣಿನ ನೆಲ ಮಾಡಿದರಂತಲ್ಲ!

ಇದೇ ಮನಸ್ಸಿನ ಒಬ್ಬರು ನಮ್ಮ ಹತ್ತಿರದಲ್ಲೇ ಇದ್ದಾರೆ, ಚಿತ್ರಾ ವಿಶ್ವನಾಥ್. ಅಹಮದಾಬಾದಿನಲ್ಲಿ ಓದಿ, 1990ರ ದಶಕದ ಆರಂಭದಿಂದ ಬೆಂಗಳೂರಿನಲ್ಲಿ ಮಣ್ಣಿನ ಮನೆ ಕಟ್ಟಿಸುತ್ತ ಬಂದವರು. ಅವರ 'ಬಯೋಮ್' ಸಂಸ್ಥೆಯ ಹೆಸರು ನಿಮ್ಮ ಕಾಲೇಜಿನಲ್ಲೂ ಕೇಳಿರುತ್ತೀಯ. ವಿದ್ಯಾರಣ್ಯಪುರದ ಅವರ ಸ್ವಂತ ಮನೆಗೆ ನೆಲಮಾಳಿಗೆ ಅಗೆದ ಮಣ್ಣಿನಿಂದಲೇ ಇಟ್ಟಿಗೆ ಮಾಡಿಸಿದರು. ಮಳೆನೀರು ಹಿಡಿದರು, ತಾರಸಿಯ ಮೇಲೆ ಭತ್ತವನ್ನೂ ಬೆಳೆದರು. ಗಾಜಿನ ಕಟ್ಟಡಗಳ ಭರಾಟೆಯಲ್ಲಿ ಇಷ್ಟು ವರ್ಷ ಒಂದೇ ಹಾದಿ ಹಿಡಿದು ನಡೆದದ್ದು ದೊಡ್ಡದು ಅನ್ನಿಸುತ್ತದೆ ನನಗೆ.

ಈ ಇಟ್ಟಿಗೆಯ ಹಿಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ದುಡಿಮೆಯೂ ಇದೆ. ಅಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತವರ ಜೊತೆಯವರು ಹಳ್ಳಿಯ ಮನೆಗಳಿಗಾಗಿ ಇದನ್ನು ಹದಗೊಳಿಸಿದರು. ಜರಡಿ ಹಿಡಿದ ಕೆಂಪುಮಣ್ಣಿಗೆ, ಜಿಗುಟು ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಕಲಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು, ಅಷ್ಟೇ ನೀರು. ಕೈಯಂತ್ರದಲ್ಲಿ ಒತ್ತಿ ತೆಗೆದು, ನೆರಳಲ್ಲಿ ಜೋಡಿಸಿ, ಮೂರು ವಾರ ನೀರುಣಿಸಿದರೆ ಆಯಿತು. ಗೂಡು ಬೇಡ, ಸೌದೆ ಬೇಡ, ಸುಡುವ ಮಾತೇ ಇಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಿಮ್ಮಪ್ಪ ಇಲ್ಲಿನ ಸೈಟಿನಲ್ಲಿ ಮನೆ ಶುರು ಮಾಡುತ್ತಿದ್ದಾರೆ. ಪಾಯ ತೆಗೆದ ಮಣ್ಣನ್ನೆಲ್ಲ ಹೊರಗೆ ಸಾಗಿಸಿ, ಸಿಮೆಂಟ್ ಬ್ಲಾಕ್ ತರಿಸುವ ಮಾತಾಗಿದೆ. ಈಗಿನ ತಗಡಿನ ಸೂರಿನ ಮಗ್ಗದ ಮನೆಯಲ್ಲಿ ಏಪ್ರಿಲ್ ತಿಂಗಳು ಹೇಗಿರುತ್ತದೆಂದು ನಿನಗೇ ಗೊತ್ತು. ನಿಮ್ಮಮ್ಮ ಇನ್ನಾದರೂ ತಂಪಾದ ಮಣ್ಣಿನ ಗೋಡೆಗಳ ನಡುವೆ ಇರಲಿ ಅನ್ನುವುದು ನನ್ನಾಸೆ.

ನಾನು ಹೇಳಿದರೆ ಭಾವ ನಕ್ಕು ಸುಮ್ಮನಾಗುತ್ತಾರೆ, ನಿನ್ನ ಮಾತು ಕೇಳುತ್ತಾರೆ. ಮೇಲಿನ ಗೊಬ್ಬರದ ಮಣ್ಣನ್ನು ಗಿಡಗಳಿಗೆ ಬೇರೆ ಇಟ್ಟು, ಕೆಳಗಿನದು ಇಟ್ಟಿಗೆಗೆ ಆಗುತ್ತದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಲಿ. ಟಿಪ್ಪರ್ ಬರುವ ಮುಂಚೆ ಅವರಿಗೊಂದು ಫೋನ್ ಮಾಡು.

ನಿನ್ನ
ಚಿಕ್ಕಮ್ಮ