ಬಳ್ಳಿಗಾವೆ: ಪೇಟೆ, ಮಠ, ಮದ್ದಳೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಸಾಗುವ ದಾರಿಯ ಇಕ್ಕೆಲಗಳಲ್ಲಿ ಈಗ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಮೆಕ್ಕೆಜೋಳವೇ. ತಗ್ಗಿನ ಗದ್ದೆಗಳಲ್ಲಿ ಭತ್ತ, ನೀರಿನ ಆಸರೆಯಿರುವಲ್ಲಿ ಅಡಕೆಯ ತೋಟ, ಅಲ್ಲಲ್ಲಿ ಶುಂಠಿಯ ಮಡಿ. ಮಲೆನಾಡು ಮುಗಿಯುತ್ತ ಬಂದು ಬಯಲುಸೀಮೆ ಇನ್ನೂ ಮೊದಲಾಗದ ಈ ನಡುನಾಡು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರದ ಹೃದಯಭಾಗವಾಗಿದ್ದಿತು. ಶಿರಾಳಕೊಪ್ಪದಿಂದ ಎರಡು ಕಿಲೋಮೀಟರಿನಷ್ಟು ಒಳಗೆ ಹೋದರೆ ಬಳ್ಳಿಗಾವಿ. ಶಾಸನಗಳಲ್ಲಿ ಬಳ್ಳಿಗಾವೆ ಎಂದೂ ಬಲ್ಲಿಪುರವೆಂದೂ ಕರೆಸಿಕೊಂಡ ಊರು. ಹಂಚಿನ ಮನೆಗಳು, ಕೆರೆ, ಶಾಲೆ, ಹೊಲಕ್ಕೆ ಹೊರಟ ಎತ್ತುಗಳು. ಮೊದಲ ನೋಟಕ್ಕೆ ಇದು ನಮ್ಮ ನಾಡಿನ ಯಾವುದೇ ಹಳ್ಳಿಯಂತೆಯೇ ಇದೆ. ಹನ್ನೆರಡನೆಯ ಶತಮಾನದ ಹೊತ್ತಿಗೇ ಇದು ಅನಾದಿ ರಾಜಧಾನಿಯೆಂಬ ಬಿರುದನ್ನು ಹೊತ್ತಿದ್ದಿತೆಂದರೆ ನಂಬಲು ಕ್ಷಣಕಾಲ ತಡೆಯಾಗುತ್ತದೆ.

ಇಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲಿಯೇ ಅಚ್ಚು ಹಾಕಿಸಿದರು. ಅವುಗಳನ್ನು ಓದಿಕೊಂಡು ಹೋದವರಿಗೆ ಈ ಹಳ್ಳಿಯ ಬೀದಿಗಳಲ್ಲಿ ಬೇರೊಂದು ಊರು ಕಾಣತೊಡಗುತ್ತದೆ. ಹನ್ನೊಂದನೆಯ ಶತಮಾನದ ಮಧ್ಯಭಾಗದ ಒಂದು ಶಾಸನವು ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘವನ್ನು ವರ್ಣಿಸುವ ಪರಿಯನ್ನು ನೋಡಬೇಕು. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ನೇಪಾಳಗಳವರೆಗೆ ನೆಲದ ಮೇಲೂ ನೀರಿನ ಮೇಲೂ ಸಂಚರಿಸುವವರು ಅವರು. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿ ಅವರ ಸರಕು. ಕೆಲವನ್ನು ಸಗಟಾಗಿ ಮಾರುವರು, ಕೆಲವನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮಾರುವರು. ಕತ್ತೆ ಕೋಣಗಳ ಮೇಲೆ ಹೇರು. ಶಾಸನದ ಪ್ರಶಸ್ತಿಯಲ್ಲಿ ಅತಿಶಯೋಕ್ತಿ ಇದ್ದೇ ಇರುತ್ತದೆ. ಆದರೆ ಹೆಗಲ ಮೇಲಿನ ಗಂಟನ್ನೂ ಕತ್ತೆಯ ಹೇರನ್ನೂ ಬರಿಯ ಹೊಗಳಿಕೆಗಾಗಿ ಯಾರೂ ಕಲ್ಲಿನಲ್ಲಿ ಕೆತ್ತಿಸಲಾರರು. ಪೇಟೆಯ ನಿಜವಾದ ಧೂಳು ಆ ಸಾಲುಗಳಲ್ಲಿದೆ.

ಊರಿನೊಳಗೆ ನಿಂತಿರುವ ಎತ್ತರವಾದ ಭೇರುಂಡ ಸ್ತಂಭವನ್ನು 1047ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯರಸನು ನಿಲ್ಲಿಸಿದನು. ಮನುಷ್ಯನ ದೇಹ, ಪಕ್ಷಿಯ ಎರಡು ಶಿರಗಳು. ಇಂದು ನಮ್ಮ ರಾಜ್ಯಲಾಂಛನದಲ್ಲಿರುವ ಗಂಡಭೇರುಂಡವನ್ನು ಬಲ್ಲ ಮಕ್ಕಳಿಗೆ ಇದನ್ನು ತೋರಿಸಿದರೆ ಬಹಳ ಹಿಗ್ಗುತ್ತಾರೆ. ಈ ಸೀಮೆಯ ಶಾಸನಗಳಲ್ಲಿ ಭೇರುಂಡಗಳೆ ಎಂಬ ಹೆಸರಿನ ನೆಲವಳೆಯುವ ಕೋಲೂ ಕಾಣಬರುತ್ತದೆ.

ತ್ರಿಪುರಾಂತಕೇಶ್ವರ ದೇವಾಲಯದ ಬಾಗಿಲ ಕೆತ್ತನೆಯನ್ನು, ತಳಭಾಗದ ಪಂಚತಂತ್ರದ ಕಥಾಚಿತ್ರಗಳನ್ನು ನೋಡಿಕೊಂಡು ನಾವು ಕೇದಾರೇಶ್ವರನ ಸನ್ನಿಧಿಗೆ ಬಂದೆವು. ಬಳಪದ ಕಲ್ಲಿನ ತ್ರಿಕೂಟಾಲಯವಿದು. ಮೂರು ಗರ್ಭಗೃಹ, ಮೂರು ಶಿಖರ. ಶಾಸನಗಳು ಈ ದೇವನನ್ನು ದಕ್ಷಿಣ ಕೇದಾರೇಶ್ವರನೆಂದು ಕರೆಯುತ್ತವೆ. ಶಿಲ್ಪದ ವರ್ಣನೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಮ್ಮನ್ನು ಬಹುಹೊತ್ತು ನಿಲ್ಲಿಸಿದ್ದು ಇದಕ್ಕೆ ಸೇರಿದ್ದ ಕೋಡಿಯ ಮಠದ ನೆನಪು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ಪರ್ವತಾವಳಿಯ ಮೂವರಕೋಣೆಯ ಸಂತತಿಗೆ ಸೇರಿದ ಕಾಳಾಮುಖ ಶೈವ ಗುರುಗಳು ಇದನ್ನು ತಲೆತಲಾಂತರದಿಂದ ನಡೆಸಿದರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಾಮಶಕ್ತಿ ಮೊದಲಾದವರ ಹೆಸರುಗಳು ಶಾಸನಗಳಲ್ಲಿ ಸಾಲಾಗಿ ಬರುತ್ತವೆ.

1162ರ ಶಾಸನವು ಈ ಮಠವನ್ನು ಬಣ್ಣಿಸಿದೆ. ಇಲ್ಲಿ ಸಾಂಗವಾಗಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿದ್ದಿತು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿದ್ದಿತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಂದಿಗೆ ಬೌದ್ಧ ದರ್ಶನವನ್ನೂ ವಿವರಿಸುತ್ತಿದ್ದರು. ಶೈವ ಮಠವೊಂದು ಅನ್ಯದರ್ಶನಕ್ಕೆ ಈ ಗೌರವ ಕೊಟ್ಟಿದ್ದಿತೆಂಬುದು ಸಣ್ಣ ಸಂಗತಿಯಲ್ಲ. ಲಾಕುಲಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಇಲ್ಲಿ ಎಡೆಯಿದ್ದಿತು. ಇದಿಷ್ಟೇ ಆಗಿದ್ದರೆ ಇದೊಂದು ವಿದ್ಯಾಪೀಠವೆನ್ನಬಹುದಿತ್ತು. ಶಾಸನ ಮುಂದುವರಿದು ಅನ್ನಸತ್ರದ ಪಟ್ಟಿಯನ್ನು ಕೊಡುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ಬಟ್ಟೆಯಿಲ್ಲದವರು, ಅಂಗಹೀನರು, ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು. ಇವರೆಲ್ಲರಿಗೂ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯ ಮತ್ತು ಔಷಧ. ಸಕಲ ಪ್ರಾಣಿಗಳಿಗೆ ಅಭಯ.

ನಮ್ಮ ಪ್ರವಚನ ವೇದಿಕೆಗಳಲ್ಲಿ ಶರಣರಿಗಿಂತ ಮೊದಲು ನಾಡೆಲ್ಲ ಕತ್ತಲೆಯಲ್ಲಿ ಮುಳುಗಿದ್ದಿತೆಂದು ಹೇಳುವ ವಾಡಿಕೆ ಬೆಳೆದಿದೆ. ಬಸವಾದಿ ಪ್ರಮಥರ ಬೆಳಕನ್ನು ಎತ್ತಿಹಿಡಿಯಲು ಹಿಂದಿನವರಿಗೆಲ್ಲ ಮಸಿ ಬಳಿಯಬೇಕಾದ ಅಗತ್ಯವಿಲ್ಲ. ಕೋಡಿಯ ಮಠದ ಕಲ್ಲನ್ನು ಓದಿದವರಾರೂ ಆ ಮಾತನ್ನು ಆಡಲಾರರು. ಹಾಗೆಂದು ಕಾಳಾಮುಖರೇ ನಮ್ಮವರು, ಇಲ್ಲಿದ್ದುದೇ ಅಲ್ಲಿ ಮುಂದುವರಿಯಿತು ಎಂದು ಗಂಟುಹಾಕುವ ಪಂಡಿತರ ವಾದವೂ ನಮಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಾರಣ ಆ ಪಟ್ಟಿಯಲ್ಲಿಯೇ ಇದೆ. ವ್ಯಾಖ್ಯಾನ ಮಾಡುವವರ ಸಾಲು ಬೇರೆ, ಉಣ್ಣುವವರ ಸಾಲು ಬೇರೆ. ವಾದ್ಯ ನುಡಿಸುವವನಿಗೆ ಎರಡನೆಯ ಸಾಲಿನಲ್ಲಿ ಎಡೆ. ಅವನಿಗೆ ಅನ್ನವುಂಟು, ಆದರೆ ಅವನ ಮಾತನ್ನು ಕೇಳಬೇಕೆಂದು ಅಲ್ಲಿ ಯಾರಿಗೂ ತೋರಿಲ್ಲ.

ಇದೇ ಬಳ್ಳಿಗಾವೆಯಲ್ಲಿ ಹುಟ್ಟಿದವರು ಅಲ್ಲಮಪ್ರಭುದೇವರು. ಹರಿಹರನ ರಗಳೆಯ ಪ್ರಕಾರ ಅವರು ದೇವಾಲಯದಲ್ಲಿ ಮದ್ದಳೆ ನುಡಿಸುತ್ತಿದ್ದವರು. ಕಾಮಲತೆಯನ್ನು ಕಳೆದುಕೊಂಡ ದುಃಖದಲ್ಲಿ ಅಲೆಯುತ್ತಿರುವಾಗ ನೆಲದಡಿಯ ಗುಡಿಯಲ್ಲಿ ಅನಿಮಿಷಯ್ಯನ ಕೈಯ ಲಿಂಗ ಅವರಿಗೆ ದೊರಕಿತು. ಚಾಮರಸನು ಈ ಕಥೆಯನ್ನು ಬೇರೆ ರೀತಿಯಾಗಿ ನಡೆಸಿ, ಬನವಾಸಿಯ ಮಧುಕೇಶ್ವರಾಲಯಕ್ಕೆ ಮದ್ದಳೆಯನ್ನು ಒಯ್ದು, ಅಲ್ಲಿ ಮಾಯೆಯನ್ನು ಎದುರಿಗೆ ತಂದಿದ್ದಾನೆ. ಇಬ್ಬರೂ ಮದ್ದಳೆಯನ್ನು ಬಿಟ್ಟಿಲ್ಲ. ಕೋಡಿಯ ಮಠದ ಊಟದ ಸಾಲಿನಲ್ಲಿ ಕುಳಿತಿರಬಹುದಾಗಿದ್ದ ಆ ವಾದ್ಯಗಾರನು ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಸಿಂಹಾಸನವನ್ನೇರಿದನೆಂಬುದೇ ನಮ್ಮ ಪರಂಪರೆಯ ಹೇಳಿಕೆ. ಅಲ್ಲಿ ದೋಣಿ ನಡೆಸುವವನೂ ಪಾದರಕ್ಷೆ ಹೊಲಿಯುವವನೂ ಸೌದೆ ಮಾರುವವನೂ ಉಣ್ಣುವವರು ಮಾತ್ರವಲ್ಲ, ನುಡಿಯುವವರು. ಮಠದ ಅನ್ನ ರಾಜನು ಬಿಟ್ಟ ಊರಿನಿಂದ ಬಂದಿತು; ಶರಣರ ದಾಸೋಹ ಅವರವರ ಕಾಯಕದಿಂದ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಗ್ರಂಥದಲ್ಲಿ ಓದುವುದಕ್ಕಿಂತ ಈ ಕೆರೆಯ ದಂಡೆಯಲ್ಲಿ ನಿಂತು ಯೋಚಿಸುವುದು ಸುಲಭವೆಂದು ನಮಗನ್ನಿಸಿತು.

ಆ ರಾಜನಾದರೂ ಯಾರು? 1162ರ ಆ ದತ್ತಿಯನ್ನು ಬಿಟ್ಟವನು ಕಳಚೂರ್ಯ ಬಿಜ್ಜಳ. ಬಸವಣ್ಣನವರು ಭಂಡಾರಿಯಾಗಿದ್ದ ಅದೇ ಬಿಜ್ಜಳನು ದಕ್ಷಿಣದ ನಾಡುಗಳನ್ನು ವಶಕ್ಕೆ ತರಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ, ಕಸಪಯ್ಯ ನಾಯಕನ ಅರಿಕೆಯಂತೆ ಕೇದಾರೇಶ್ವರನಿಗೆ ದತ್ತಿಯನ್ನು ಬಿಟ್ಟನು. ಕಲ್ಯಾಣದ ಕಥೆಯನ್ನು ಕೇಳಿ ಬೆಳೆದ ನಮ್ಮ ಮನೆಗಳ ಮಕ್ಕಳಿಗೆ ಬಿಜ್ಜಳನೆಂದರೆ ಒಂದೇ ಮುಖ. ಇಲ್ಲಿ ಅವನ ಇನ್ನೊಂದು ಮುಖವೂ ಕಲ್ಲಿನಲ್ಲಿದೆ.

ಶಿವಾಲಯಗಳಷ್ಟೇ ಇಲ್ಲಿದ್ದವೆಂದು ತಿಳಿಯಬಾರದು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಸೇರಿ ಪಂಚಮಠಗಳಿದ್ದ ಊರಿದು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಬೌದ್ಧ ವಿಹಾರವನ್ನು ಕಟ್ಟಿಸಿದನು. ತಾರಾ ಭಗವತಿಯ ವಿಗ್ರಹವೂ ಇಲ್ಲಿ ದೊರೆತಿದೆ. ವ್ಯಾಪಾರದ ಊರಿನಲ್ಲಿ ಎಲ್ಲ ದೇವರಿಗೂ ಗಿರಾಕಿಗಳಿರುತ್ತಾರೆಂದು ಜೊತೆಯಲ್ಲಿದ್ದವರೊಬ್ಬರು ನಗೆಯಾಡಿದರು. ಮಾತು ಒರಟಾದರೂ ಅದರಲ್ಲಿ ಸತ್ಯಾಂಶವಿದೆ. ದೂರದಿಂದ ಬಂದ ಸೆಟ್ಟಿಗೆ ಸರಕನ್ನಿಳಿಸಲು ನೆರಳು ಬೇಕು, ಕೈಮುಗಿಯಲು ತನ್ನ ದೈವವೂ ಬೇಕು.

ಸಮೀಪದ ತಾಳಗುಂದಕ್ಕೂ ಹೋಗಿಬಂದೆವು. ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ, ಕದಂಬ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನವಿದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನು ಅವಮಾನಗೊಂಡು ಕತ್ತಿ ಹಿಡಿದ ಕಥೆ ನಮಗೆ ತಿಳಿದಿರುವುದು ಇದರಿಂದಲೇ. ಇದೇ ಆವರಣದಲ್ಲಿ 2013ರ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನವೂ ಬೆಳಕಿಗೆ ಬಂದಿತು. ಅದು ಹಲ್ಮಿಡಿ ಶಾಸನಕ್ಕಿಂತಲೂ ಹಿಂದಿನದೆಂಬ ಅಭಿಪ್ರಾಯವನ್ನು ಪುರಾತತ್ವಜ್ಞರು ಮುಂದಿಟ್ಟಿದ್ದಾರೆ.

ಕೊನೆಯಲ್ಲಿ ಉಡುತಡಿ. ಅಕ್ಕಮಹಾದೇವಿಯ ಜನ್ಮಸ್ಥಳವಾದ ಈ ಊರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಕ್ಕನ ಬೃಹತ್ ಪ್ರತಿಮೆಯೂ ಉದ್ಯಾನವೂ ಎದ್ದಿವೆ. ಜನ ಹೆಚ್ಚಾಗಿ ಇಲ್ಲಿಗೇ ಬಂದು, ಬಳ್ಳಿಗಾವಿಯನ್ನು ನೋಡದೆ ಹಿಂದಿರುಗುತ್ತಾರೆ. ಅಕ್ಕನೂ ಪ್ರಭುವೂ ಒಂದೇ ಸೀಮೆಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಎದುರುಬದುರಾಗಿ, ಕಡೆಗೆ ಶ್ರೀಶೈಲದ ಕದಳಿಯ ಕಡೆಗೆ ನಡೆದವರು. ಕೋಡಿಯ ಮಠದ ಗುರುಗಳ ಪರ್ವತಾವಳಿಯೆಂಬ ಹೆಸರೂ ಆ ಶ್ರೀಪರ್ವತವನ್ನೇ ನೆನಪಿಸುವಂತಿದೆ.

ಕುಟುಂಬಸಹಿತವಾಗಿ ಬರುವವರು ಶಿಕಾರಿಪುರದಲ್ಲಿ ಉಳಿದುಕೊಂಡು, ಬೆಳಗಿನ ತಂಪಿನಲ್ಲಿಯೇ ಬಳ್ಳಿಗಾವಿಯನ್ನು ಸೇರುವುದು ಒಳ್ಳೆಯದು; ಅಲ್ಲಿಗೆ 21 ಕಿಲೋಮೀಟರು. ಕೇದಾರೇಶ್ವರನ ಆವರಣದಲ್ಲಿ ನಿಲ್ಲಿಸಿರುವ ಶಾಸನಗಳ ಹಳಗನ್ನಡ ಲಿಪಿಯನ್ನು ಬೆಳಗಿನ ಓರೆಬಿಸಿಲಿನಲ್ಲಿ ಅಲ್ಪಸ್ವಲ್ಪ ಬಿಡಿಸಿಕೊಳ್ಳಬಹುದು. ಹೊತ್ತೇರಿದ ಮೇಲೆ ಅಕ್ಷರಗಳು ಕಲ್ಲಿನಲ್ಲಿಯೇ ಅಡಗಿಬಿಡುತ್ತವೆ.