ಹಿಡಿದ ಡ್ಯಾಂಪರ್ ಬಿಡಿಸುವ ಸುಖ

ನವೆಂಬರಿನಿಂದ ಮಾರ್ಚಿನ ತನಕ ನಮ್ಮ ಕಡೆಯ ಲಾರಿಗಳಿಗೆ ಪುರುಸೊತ್ತು ಎಂಬುದಿಲ್ಲ. ಹಿಡಕಲ್ ಡ್ಯಾಮಿನ ಕಾಲುವೆ ಹರಿದಲ್ಲೆಲ್ಲ ಕಬ್ಬು, ಕಬ್ಬು ಇದ್ದಲ್ಲೆಲ್ಲ ಗಾಡಿ. ಮೂಡಲಗಿ ಕಡೆಯ ಎರೆಹೊಲದಲ್ಲಿ ಲೋಡು ಬಿಗಿದುಕೊಂಡು, ಫ್ಯಾಕ್ಟರಿ ಮುಂದಿನ ಪಾಳಿಯಲ್ಲಿ ನಿಂತು, ಕಾಟಾ ಮುಗಿಸಿ ಮತ್ತೆ ಹೊಲಕ್ಕೆ. ಹಂಗಾಮು ಮುಗಿದ ಮೇಲೆ ಅವು ಗ್ಯಾರೇಜಿನ ದಾರಿ ಹಿಡಿಯುತ್ತವೆ. ಹುಕ್ಕೇರಿ, ಸಂಕೇಶ್ವರ, ಗೋಕಾಕ ಎಲ್ಲಿಂದ ಬಂದರೂ ಅವುಗಳ ಮೈತುಂಬ ಒಂದೇ ಮಣ್ಣು, ಒಂದೇ ದಣಿವು. ಕ್ಲಚ್ಚು, ಪಟ್ಟಾ, ಬ್ರೇಕು ಎಲ್ಲವನ್ನೂ ಮಾಡುತ್ತೇನೆ. ಆದರೆ ಎಂಜಿನ್ನಿನ ಮೂತಿಯಲ್ಲಿ ಜಂಗು ಹಿಡಿದು, ಜಪ್ಪಯ್ಯ ಅಂದರೂ ಅಲುಗದೆ ಕೂತ ಡ್ಯಾಂಪರನ್ನು ಬಿಡಿಸುವ ಕೆಲಸ ಬಂತೆಂದರೆ ಅದನ್ನು ಯಾರಿಗೂ ಕೊಡುವುದಿಲ್ಲ. ಅದು ನನ್ನದು.

ಎಷ್ಟೋ ಡ್ರೈವರುಗಳು ಅದನ್ನು ಬೆಲ್ಟು ತಿರುಗಿಸುವ ಪುಲ್ಲಿ ಅಂತಲೇ ತಿಳಿದಿರುತ್ತಾರೆ. ಪುಲ್ಲಿ ಅದಕ್ಕೆ ಅಂಟಿಕೊಂಡಿರುವುದು ನಿಜ. ಅದರ ಕೆಲಸ ಮಾತ್ರ ಬೇರೆ. ಆರು ಸಿಲಿಂಡರಿನ ಎಂಜಿನ್ನಿನ ಕ್ರ್ಯಾಂಕು ಉದ್ದನೆಯದು. ಒಂದೊಂದು ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿಕೊಂಡಾಗಲೂ ಪಿಸ್ಟನ್ನು ಅದನ್ನು ಒಂದೊಂದು ಕಡೆ ಒದೆಯುತ್ತದೆ. ಒಂದು ಸುತ್ತಿಗೆ ಮೂರು ಒದೆತ. ಎಂಜಿನ್ನು ನಿಮಿಷಕ್ಕೆ 2400 ಸುತ್ತು ಓಡುತ್ತಿದ್ದರೆ ಸೆಕೆಂಡಿಗೆ 120 ಒದೆತ. ಅಷ್ಟು ದಪ್ಪದ ಉಕ್ಕು ಪ್ರತಿ ಒದೆತಕ್ಕೂ ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಸಡಿಲಾಗುತ್ತದೆ. ಹಿಂದಿನ ತುದಿಯಲ್ಲಿ ಭಾರದ ಫ್ಲೈವೀಲು ಕೂತಿರುವುದರಿಂದ ಅಲ್ಲಿ ಅಲುಗಾಟ ಕಡಿಮೆ. ಅದೆಲ್ಲ ಮುಂದಿನ ಮೂತಿಯಲ್ಲಿ ಸೇರುತ್ತದೆ. ಡ್ಯಾಂಪರು ಕೂತಿರುವುದು ಅದಕ್ಕೇ ಅಲ್ಲಿ.

ಬರೀ ತಿರುಚುವುದರಿಂದ ಕ್ರ್ಯಾಂಕು ಮುರಿಯುವುದಿಲ್ಲ. ಒದೆತದ ತಾಳವೂ ಉಕ್ಕಿನ ಸ್ವಂತ ತಾಳವೂ ಒಂದಕ್ಕೊಂದು ಕೂಡಿದಾಗ ಮುರಿಯುತ್ತದೆ. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬೊಬ್ಬರು ಒಂದೊಂದು ಹೆಜ್ಜೆ ಹಾಕುತ್ತ ನಡೆದರೆ ಅದು ಸುಮ್ಮನಿರುತ್ತದೆ. ನಾಲ್ಕು ಜನ ಕಾಲು ಕೂಡಿಸಿ ನಡೆದರೆ ಅಡಿಯಿಂದ ಒಂದು ಅಲೆ ಏಳುತ್ತದೆ, ಕೆಳಗಿನ ಘಟಪ್ರಭೆಯ ಬಂಡೆಗಳು ನೆನಪಾಗುತ್ತವೆ. ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ 1831ರಲ್ಲಿ ಸೈನಿಕರು ಒಂದೇ ಹೆಜ್ಜೆಯಲ್ಲಿ ನಡೆದು ಬರುವಾಗ ತೂಗುಸೇತುವೆಯೇ ಕಿತ್ತುಬಿತ್ತು. ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯಬೇಕೆಂಬ ಹುಕುಂ ಆಮೇಲೆ ಆ ಸೈನ್ಯದಲ್ಲಿ ಬಂತು. ಎಂಜಿನ್ನಿಗೆ ಹಾಗೆ ಹೆಜ್ಜೆ ಮುರಿಯಲು ಬರುವುದಿಲ್ಲ. ಅದರ ಪರವಾಗಿ ಡ್ಯಾಂಪರು ಮುರಿಯುತ್ತದೆ.

ಅದರ ರಚನೆ ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ. ಒಂದು ಬಗೆಯಲ್ಲಿ ಒಳಗೊಂದು ಹಬ್ಬು, ಹೊರಗೊಂದು ಭಾರದ ಬಳೆ, ನಡುವೆ ರಬ್ಬರು. ಕ್ರ್ಯಾಂಕು ಫಕ್ಕನೆ ಅಲುಗಿದರೆ ಬಳೆ ತನ್ನ ಭಾರದಿಂದ ಹಿಂದೆ ಉಳಿಯುತ್ತದೆ, ನಡುವಿನ ರಬ್ಬರು ಆ ಅಲುಗಾಟವನ್ನು ತಿಂದುಹಾಕುತ್ತದೆ. ಇನ್ನೊಂದು ಬಗೆಯಲ್ಲಿ ಸುತ್ತಲೂ ಮುಚ್ಚಿದ ಉಕ್ಕಿನ ಡಬ್ಬಿ. ಒಳಗೆ ಬಳೆ, ಅದರ ಸುತ್ತ ಕಾಕಂಬಿಗಿಂತ ಎಷ್ಟೋ ಪಟ್ಟು ದಪ್ಪನೆಯ ಸಿಲಿಕೋನ್ ಎಣ್ಣೆ. ಬಳೆಗೂ ಡಬ್ಬಿಗೂ ನಡುವೆ ಒಂದು ಮಿಲಿಮೀಟರೂ ಸಂದಿಲ್ಲ. ಅಲ್ಲಿ ಎಣ್ಣೆ ಅರೆದುಕೊಂಡು ಕಂಪನ ಕಾವಾಗಿ ಗಾಳಿಗೆ ಹೋಗುತ್ತದೆ. ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ನೂರು ವರ್ಷಕ್ಕೂ ಹಿಂದೆ ಈ ಜಾಡು ಹಿಡಿದವನು. ವಂಟಮುರಿ ಘಾಟಿನಲ್ಲಿ ಲೋಡು ಎಳೆಯುವ ಒಂದೊಂದು ಲಾರಿಯ ಮೂತಿಯಲ್ಲೂ ಅವನ ಬುದ್ಧಿ ತಿರುಗುತ್ತಿರುತ್ತದೆ.

ಡ್ಯಾಂಪರು ಸತ್ತರೆ ಗಾಡಿ ಕೂಡಲೇ ನಿಲ್ಲುವುದಿಲ್ಲ, ಅದೇ ಅಪಾಯ. ಟೈಮಿಂಗ್ ಗೇರು ಕಟಕಟ ಅನ್ನುತ್ತದೆ, ಬೆಲ್ಟು ಕುಣಿಯುತ್ತದೆ, ಮುಂದಿನ ಬೋಲ್ಟುಗಳು ಎಷ್ಟು ಬಿಗಿದರೂ ಸಡಿಲಾಗುತ್ತವೆ. ಆಮೇಲೆ ಒಂದು ದಿನ ಕ್ರ್ಯಾಂಕು ತುಂಡಾಗುತ್ತದೆ. ಮುರಿದ ಮುಖ ಅಡ್ಡಕ್ಕೆ ನೇರ ಇರದೆ ನಲವತ್ತೈದು ಡಿಗ್ರಿ ಓರೆಯಾಗಿ ಸುತ್ತಿಕೊಂಡಿದ್ದರೆ ಅದು ತಿರುಚಿ ಸತ್ತದ್ದು. ಹಾಗಾಗಿ ರಬ್ಬರು ಸೀಳಿದೆಯೇ, ಡಬ್ಬಿ ಉಬ್ಬಿದೆಯೇ, ಎಣ್ಣೆ ಜಿನುಗಿದೆಯೇ ಎಂದು ಮೊದಲು ನೋಡುತ್ತೇನೆ. ಕೆಲವು ಎಂಜಿನ್ನುಗಳಲ್ಲಿ ಹಬ್ಬಿನಿಂದ ಬಳೆಯವರೆಗೆ ಒಂದು ಗೆರೆ ಕೊರೆದಿರುತ್ತಾರೆ. ಆ ಗೆರೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಬಳೆ ಜಾರಿದೆ ಎಂದೇ ಅರ್ಥ, ಬದಲಿಸಲೇಬೇಕು.

ಈಗ ಬಿಡಿಸುವ ಮಾತು. ಹಿಡಿಯುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ನೀರು. ವಾಟರ್ ಪಂಪಿನ ಸೀಲು ಹೋದರೆ ಹನಿ ಹನಿಯಾಗಿ ಕೆಳಗಿನ ಹಬ್ಬಿನ ಮೇಲೇ ಬೀಳುತ್ತದೆ. ಎರೆಮಣ್ಣು ಆ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಜಂಗು ಎಂದರೆ ಕಬ್ಬಿಣ ಉಬ್ಬುವುದು. ಮೊದಲೇ ಬಿಗಿಯಾಗಿ ಕೂತ ಜಾಗದಲ್ಲಿ ಅದು ಉಬ್ಬಿದರೆ ಎರಡು ಲೋಹ ಒಂದೇ ಆಗಿಬಿಡುತ್ತದೆ.

ರೇಡಿಯೇಟರು ಇಳಿಸಿ, ಫ್ಯಾನು ಬಿಚ್ಚಿ, ಫ್ಲೈವೀಲಿಗೆ ತಡೆ ಕೊಟ್ಟು, ಉದ್ದನೆಯ ಪೈಪು ಸಿಕ್ಕಿಸಿದ ಪಾನಾದಿಂದ ಮಧ್ಯದ ಬೋಲ್ಟು ತೆಗೆಯುವ ತನಕ ಹುಡುಗರ ಉತ್ಸಾಹಕ್ಕೆ ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ಕೇಳುವ ಮಾತು ಗೊತ್ತೇ ಇದೆ. “ಅಣ್ಣಾ, ಹತೋಡಿ ತರ್ಲ್ಯಾ?” “ಬ್ಯಾಡೋ ತಮ್ಮಾ. ಹೊಡದ್ರ ಒಳಗ ಒಡೀತೈತಿ, ಹೊರಗ ಕಾಣ್ಸೂದಿಲ್ಲ.” ಡಬ್ಬಿಗೆ ಒಂದು ಸಣ್ಣ ತಗ್ಗು ಬಿದ್ದರೂ ಒಳಗಿನ ಬಳೆ ಸಿಕ್ಕಿಕೊಳ್ಳುತ್ತದೆ. ಹೊರಡುವ ಡ್ಯಾಂಪರಿಗೆ ಪೆಟ್ಟಾದರೇನು ಎಂದು ವಾದಿಸುವವರಿದ್ದಾರೆ. ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಅದು ಕ್ರ್ಯಾಂಕಿನ ಮೂಲಕ ಸಾಗಿ ಥ್ರಸ್ಟ್ ಬೇರಿಂಗಿಗೆ ಬಡಿಯುತ್ತದೆ. ಗ್ಯಾಸಿನ ಬೆಂಕಿಯೂ ಬೇಡ. ಹಿಂದಿರುವ ಆಯಿಲ್ ಸೀಲು ಸುಡುತ್ತದೆ; ಸಿಲಿಕೋನ್ ತುಂಬಿದ ಮುಚ್ಚಿದ ಡಬ್ಬಿಗೆ ಉರಿ ಹಿಡಿಯುವುದಂತೂ ಜೀವದ ಜೊತೆ ಆಟ.

ಪುಲ್ಲರ್ ಮೇಲೆ ನನಗೆ ಪ್ರೀತಿ ಇರುವುದು ಇದಕ್ಕೇ. ಗೋಕಾಕದ ಲೇಥಿನಲ್ಲಿ ದಪ್ಪ ಪ್ಲೇಟಿನಿಂದ ಕೊರೆಸಿಕೊಂಡದ್ದು ಅದು. ಹಬ್ಬಿನಲ್ಲಿ ಹಲ್ಲು ಕೊರೆದ ತೂತುಗಳಿರುತ್ತವೆ; ಬೋಲ್ಟುಗಳನ್ನು ಅಲ್ಲಿಗೇ ಹಾಕಬೇಕು, ಹೊರಗಿನ ಬಳೆಗೆ ಕೊಕ್ಕೆ ಹಾಕಿ ಎಂದೂ ಎಳೆಯಬಾರದು. ನಡುವಿನ ತಿರುಪು ಕ್ರ್ಯಾಂಕಿನ ತುದಿಯನ್ನು ಒತ್ತುತ್ತದೆ, ಆ ತುದಿಗೊಂದು ಗಟ್ಟಿ ಬಿಲ್ಲೆ ಕೊಟ್ಟಿರುತ್ತೇನೆ. ಎಳೆಯುವುದು ಹಬ್ಬನ್ನು, ಒತ್ತುವುದು ಕ್ರ್ಯಾಂಕನ್ನು. ಟನ್ನುಗಟ್ಟಲೆ ಬಲ ಆ ಎರಡರ ನಡುವೆಯೇ ಸುತ್ತಿ ಮುಗಿಯುತ್ತದೆ. ಬೇರಿಂಗಿಗೆ, ಗೇರಿಗೆ, ಬ್ಲಾಕಿಗೆ ಅದರ ಸುದ್ದಿಯೇ ಹೋಗುವುದಿಲ್ಲ. ಯಾರೊಂದಿಗೆ ಜಗಳವೋ ಅವರೊಂದಿಗಷ್ಟೇ ಆಡಿ ಮುಗಿಸುವ ಇಂಥ ಬಲವನ್ನು ನಾನು ಬೇರೆ ಯಾವ ಹತ್ಯಾರಿನಲ್ಲೂ ಕಂಡಿಲ್ಲ.

ಬಿಗಿದು, ಸಂದಿಗೆ ಜಂಗು ಬಿಡಿಸುವ ಎಣ್ಣೆ ಬಿಟ್ಟು, ಮನೆಗೆ ಹೋಗುತ್ತೇನೆ. ರಾತ್ರಿಯೆಲ್ಲ ತಿರುಪು ಎಳೆಯುತ್ತಿರುತ್ತದೆ, ಎಣ್ಣೆ ಇಳಿಯುತ್ತಿರುತ್ತದೆ. ಬೆಳಿಗ್ಗೆ ಬಂದು ಪಾನಾ ಹಾಕಿದರೆ ಕಾಲು ಸುತ್ತು ಸಲೀಸಾಗಿ ಹೋಗುವುದುಂಟು. ಅದಕ್ಕೂ ಬಗ್ಗದಿದ್ದರೆ ಕುದಿಯುವ ನೀರು. ಹಬ್ಬಿನ ಸುತ್ತ ಚಿಂದಿ ಸುತ್ತಿ ಮೇಲಿಂದ ಸುರಿಯುತ್ತ ಹೋಗಬೇಕು. 50 ಮಿಲಿಮೀಟರಿನ ಉಕ್ಕಿನ ತೂತು 60 ಡಿಗ್ರಿ ಕಾವು ಏರಿದರೆ ಮಿಲಿಮೀಟರಿನ ನೂರರಲ್ಲಿ ಮೂರೂವರೆ ಪಾಲು ಹಿಗ್ಗುತ್ತದೆ. ಹೇಳಲು ಏನೂ ಅಲ್ಲ. ಬಿಗಿತವೂ ಅಷ್ಟರಲ್ಲೇ ಇರುತ್ತದೆ. ಒಳಗಿನ ಕ್ರ್ಯಾಂಕು ಕಾಯುವ ಮೊದಲೇ ಪಾನಾ ತಿರುಗಿಸಬೇಕು.

ಆಗ ಬರುವ ಸದ್ದಿಗಾಗಿ ನಾನು ಈ ಕೆಲಸಕ್ಕೆ ಕಾಯುತ್ತೇನೆ. ಠಣ್ ಎಂದು ಒಂದೇ ಸಲ. ಅಂಗೈಗೆ ಪಾನಾದ ಬಿಗಿ ಕಳಚಿದ್ದು ಸದ್ದಿಗಿಂತ ಮೊದಲೇ ತಿಳಿದಿರುತ್ತದೆ. ಡ್ಯಾಂಪರು ಹತ್ತು ಕಿಲೋಗೂ ಮಿಕ್ಕಿ ತೂಗುವುದುಂಟು, ಆದ್ದರಿಂದ ಅಡಿಗೆ ಹಲಗೆ ಜೋಡಿಸಿರುತ್ತೇನೆ, ಎದುರಿಗೆ ಯಾರನ್ನೂ ನಿಲ್ಲಗೊಡುವುದಿಲ್ಲ. ಕೆಳಗಿಳಿಸಿದ ಮೇಲೆ ಕ್ರ್ಯಾಂಕಿನ ಮೂತಿ ಒರೆಸಿ ನೋಡುತ್ತೇನೆ. ಒಂದು ಗೀರೂ ಇಲ್ಲ. ಕಂಪನಿಯಲ್ಲಿ ಕೂರಿಸಿದವನ ಕೆಲಸವನ್ನು ಇಷ್ಟು ವರ್ಷದ ಮೇಲೆ ಕೆಡಿಸದೆ ಬಿಚ್ಚಿದೆ ಎಂಬ ಸಂತೋಷಕ್ಕೆ ಕೂಲಿ ಲೆಕ್ಕ ಹಿಡಿಯಲಾಗದು. ಚಹಾ ತರಿಸುತ್ತೇನೆ, ಕರದಂಟು ಇದ್ದರೆ ಅದೂ ಆಗುತ್ತದೆ.

ಜಂಗು ತಿಂದ ಬೋಲ್ಟು, ಬಿಲ್ಲೆಗಳನ್ನು ಮೊಲಾಸಿಸ್ ಬೆರೆಸಿದ ನೀರಿನಲ್ಲಿ ನೆನೆಹಾಕುತ್ತೇನೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕ ವಾರ, ಎರಡು ವಾರದಲ್ಲಿ ಜಂಗನ್ನು ಮಾತ್ರ ಕರಗಿಸಿ ಕಬ್ಬಿಣವನ್ನು ಬೂದು ಬಣ್ಣಕ್ಕೆ ತರುತ್ತದೆ. ಅಲ್ಯೂಮಿನಿಯಂ ಸಾಮಾನು ಮಾತ್ರ ಅದರಲ್ಲಿ ಹಾಕಬಾರದು.

ಹೊಸದನ್ನು ಕೂರಿಸುವುದು ಚುಟುಕು ಕೆಲಸ. ಮೂತಿಗೆ ಸಣ್ಣ ಪಾಲಿಶ್ ಪೇಪರು, ಹೊಸ ಆಯಿಲ್ ಸೀಲು, ತೆಳ್ಳಗೆ ಎಣ್ಣೆ. ಉದ್ದನೆಯ ಸ್ಟಡ್ಡು ಹಾಕಿ ನಟ್ಟಿನಿಂದಲೇ ಒಳಗೆ ಎಳೆಯಬೇಕು. ಇಲ್ಲಿಯೂ ಹತೋಡಿ ಬೇಡ. ಬೋಲ್ಟಿನ ಬಿಗಿತ ಆ ಎಂಜಿನ್ನಿನ ಪುಸ್ತಕದಲ್ಲಿ ಹೇಳಿದಷ್ಟೇ. ಡಯಲ್ ಗೇಜು ಹಿಡಿದು ಓಲಾಟ ನೋಡಿ, ಬೆಲ್ಟು ಹಾಕಿ, ಚಾವಿ ತಿರುಗಿಸಿದರೆ ಗೇರಿನ ಕಟಕಟ ಅಡಗಿರುತ್ತದೆ.

ತೆಗೆದ ಹಳೆಯ ಡ್ಯಾಂಪರನ್ನು ಹಾಗೇ ಗುಜರಿಗೆ ಹಾಕುವುದಿಲ್ಲ. ಬಣ್ಣ ಬಳಿದು ಮತ್ತೆ ಯಾರದೋ ಗಾಡಿಗೆ ಏರಿಸುವವರು ಇರುತ್ತಾರೆ. ರಬ್ಬರಿನದಾದರೆ ಗ್ರೈಂಡರಿನಿಂದ ಹೊರಗಿನ ಬಳೆಯನ್ನು ಸೀಳುತ್ತೇನೆ, ಡಬ್ಬಿಯದಾದರೆ ಬೋಲ್ಟಿನ ತೂತುಗಳನ್ನು ಕೆಡಿಸುತ್ತೇನೆ. ಗಾಡಿಯ ಸಾವಕಾರರಿಗೆ ತೋರಿಸಿ, ಆಮೇಲೆಯೇ ತೂಕಕ್ಕೆ ಹಾಕುತ್ತೇನೆ.